ಆಪರೇಷನ್ ಮುಗೀತು, ಚಿಕಿತ್ಸೆ ಮುಗೀಲಿಲ್ಲ

(ಮೂತ್ರಕೋಶ ಮತ್ತು ಮೂತ್ರನಾಳದ ಕ್ಯಾನ್ಸರ್ ಆಪರೇಷನ್ ನಂತರದ ಚಿಕಿತ್ಸೆ ಬಗ್ಗೆ ಸ್ವ-ಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಉಳಿತಾಯ, ಸಾಲ, ಮರುಪಾವತಿ ಇವುಗಳ ಬಗ್ಗೆ ನಿಮಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ವಾರದ ಸಭೆ ತಪ್ಪಿಸದೆ, ಕಂತು ತಪ್ಪಿಸದೆ ಸಂಘ ನಡೆಸಿಕೊಂಡು ಬಂದವರು ನೀವು. ಇವತ್ತು ನಾನು ಮಾತಾಡಬೇಕೆಂದಿರುವುದು ಇನ್ನೊಂದು ಬಗೆಯ ಕಂತಿನ ಬಗ್ಗೆ. ಅದು ಚಿಕಿತ್ಸೆಯ ಕಂತು. ಸಾಲದ ಕಂತು ತಪ್ಪಿದರೆ ಬಡ್ಡಿ ಏರ್ತದೆ. ಚಿಕಿತ್ಸೆಯ ಕಂತು ತಪ್ಪಿದರೆ ಪ್ರಾಣಕ್ಕೇ ಕುತ್ತು ಬರಬಹುದು.

ಕ್ಯಾನ್ಸರ್ ಅಂದ ಕೂಡಲೇ ನಮಗೆ ಸ್ತನದ ಕ್ಯಾನ್ಸರ್, ಗರ್ಭಕೊರಳಿನ ಕ್ಯಾನ್ಸರ್, ಬಾಯಿ ಕ್ಯಾನ್ಸರ್ ನೆನಪಾಗ್ತದೆ. ಮೂತ್ರಕೋಶಕ್ಕೂ ಕ್ಯಾನ್ಸರ್ ಬರ್ತದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ಇದು ಹೆಂಗಸರಿಗಿಂತ ಗಂಡಸರಲ್ಲಿ ಮೂರು-ನಾಲ್ಕು ಪಟ್ಟು ಹೆಚ್ಚು. ಹಾಗಾದರೆ ಮಹಿಳೆಯರ ಸಭೆಯಲ್ಲಿ ಈ ವಿಷಯ ಯಾಕೆ ಅಂತ ನೀವು ಕೇಳಬಹುದು. ಎರಡು ಕಾರಣ ಇದೆ. ಒಂದು, ಹೆಂಗಸರಿಗೆ ಬಂದಾಗ ಅದು ತಡವಾಗಿ ಗೊತ್ತಾಗುವುದು ಹೆಚ್ಚು. ಮೂತ್ರದಲ್ಲಿ ರಕ್ತ ಕಂಡರೆ "ಉರಿಮೂತ್ರ ಇರಬೇಕು, ಮುಟ್ಟಿನದ್ದಿರಬೇಕು" ಅಂತ ಸುಮ್ಮನಾಗ್ತೇವೆ. ಎರಡನೆಯದು, ಗಂಡನಿಗೋ ಅಪ್ಪನಿಗೋ ಅಣ್ಣನಿಗೋ ಬಂದರೂ ಆರೈಕೆ ಮಾಡುವವರು ಯಾರು? ನಾವೇ ಅಲ್ವಾ? ಆಸ್ಪತ್ರೆಯ ಚೀಟಿ ಜೋಪಾನ ಮಾಡುವುದು, ತಾರೀಕು ನೆನಪಿಡುವುದು, ಬಸ್ಸಿಗೆ ಕರೆದುಕೊಂಡು ಹೋಗುವುದು, ಎಲ್ಲ ನಮ್ಮ ಕೈಯಲ್ಲೇ.

ಆದ್ದರಿಂದ ಆಪರೇಷನ್ ಆದ ಮೇಲೆ ಏನೇನು ಉಂಟು ಅನ್ನುವುದನ್ನು ಒಂದೊಂದಾಗಿ ತಿಳಿದುಕೊಳ್ಳೋಣ.

ಈ ಕಾಯಿಲೆ ಯಾಕೆ ಮತ್ತೆ ಬರ್ತದೆ?

ನಮ್ಮ ಎರಡು ಕಿಡ್ನಿಗಳಲ್ಲಿ ಮೂತ್ರ ತಯಾರಾಗ್ತದೆ. ಅಲ್ಲಿಂದ ಎರಡು ಸಣ್ಣ ಕೊಳವೆಗಳಲ್ಲಿ ಇಳಿದು ಮೂತ್ರಕೋಶಕ್ಕೆ ಬರ್ತದೆ. ಅಲ್ಲಿ ತುಂಬಿದ ಮೇಲೆ ಹೊರಗೆ ಹೋಗ್ತದೆ. ಕಿಡ್ನಿಯ ಒಳಬಾಯಿಯಿಂದ ಹಿಡಿದು ಮೂತ್ರಕೋಶದವರೆಗೆ ಒಳಗೆ ಒಂದೇ ಜಾತಿಯ ಪದರ ಹಾಸಿಕೊಂಡಿದೆ. ಗದ್ದೆಯ ಉದ್ದಕ್ಕೂ ಒಂದೇ ಮಣ್ಣು ಇದ್ದ ಹಾಗೆ. ಈ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಆ ಪದರದಲ್ಲಿ. ಒಂದು ಕಡೆ ಕಳೆ ಕಿತ್ತರೂ ಅದೇ ಮಣ್ಣಿನ ಇನ್ನೊಂದು ಮೂಲೆಯಲ್ಲಿ ಮತ್ತೆ ಚಿಗುರಬಹುದು. ಗಡ್ಡೆಯನ್ನು ತೆಗೆದು ಸುಮ್ಮನೆ ಬಿಟ್ಟರೆ ಸುಮಾರು ಅರ್ಧದಷ್ಟು ಜನರಲ್ಲಿ ಅದು ಮತ್ತೆ ಕಾಣಿಸಿಕೊಳ್ಳುವ ಕಾಯಿಲೆ ಇದು. ಇದು ಡಾಕ್ಟರ ತಪ್ಪಲ್ಲ, ರೋಗಿಯ ಹಣೆಬರಹವೂ ಅಲ್ಲ. ಕಾಯಿಲೆಯ ಸ್ವಭಾವವೇ ಹಾಗೆ. ಸ್ವಭಾವ ಗೊತ್ತಿದ್ದರೆ ಅದನ್ನು ಕಾಯಬಹುದು.

"ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ" ಅಂತ ಗಾದೆ ಇದೆ. ಈ ಕಾಯಿಲೆಯಲ್ಲಿ ಆಪರೇಷನ್ ಆದಾಗ ನಾವಿನ್ನೂ ಹೊಳೆಯ ನಡುವೆ ಇರ್ತೇವೆ. ಅಂಬಿಗನನ್ನು ಬಿಡುವ ಹಾಗಿಲ್ಲ.

ಮೂತ್ರಕೋಶ ಉಳಿಸಿ ಮಾಡುವ ಆಪರೇಷನ್

ಕಾಯಿಲೆ ಪತ್ತೆಯಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನಕ್ಕೆ ಅದು ಒಳಪದರದಲ್ಲೇ ಇರ್ತದೆ, ಮಾಂಸದ ಪದರಕ್ಕೆ ಇಳಿದಿರುವುದಿಲ್ಲ. ಅಂಥವರಿಗೆ ಹೊಟ್ಟೆ ಕೊಯ್ಯುವುದಿಲ್ಲ. ಮೂತ್ರದ ದಾರಿಯಿಂದಲೇ ಸಣ್ಣ ದುರ್ಬೀನು ಹಾಕಿ ಗಡ್ಡೆಯನ್ನು ಕೆರೆದು ತೆಗೀತಾರೆ. ಎರಡು-ಮೂರು ದಿನದಲ್ಲಿ ಮನೆಗೆ ಬರಬಹುದು. ಹೊಲಿಗೆ ಇಲ್ಲ, ಗಾಯ ಕಾಣಿಸುವುದಿಲ್ಲ. ಅದಕ್ಕೇ ಜನ ಇದನ್ನು ಹಗುರವಾಗಿ ತಗೊಳ್ಳುವುದು.

ಮನೆಗೆ ಬಂದ ಮೇಲೆ ನೆನಪಿಡಬೇಕಾದ್ದು:

1. ತೆಗೆದ ತುಣುಕನ್ನು ಪರೀಕ್ಷೆಗೆ ಕಳಿಸಿರ್ತಾರೆ. ಆ ವರದಿಯನ್ನು ತಪ್ಪದೆ ತಗೊಂಡು ಡಾಕ್ಟರಿಗೆ ತೋರಿಸಿ. ಮುಂದಿನ ಚಿಕಿತ್ಸೆ ನಿರ್ಧಾರ ಆಗುವುದು ಆ ಒಂದು ಕಾಗದದ ಮೇಲೆ. ಎಷ್ಟೋ ಮನೆಗಳಲ್ಲಿ ವರದಿ ಲ್ಯಾಬಿನಲ್ಲೇ ಉಳಿದುಬಿಡ್ತದೆ.

2. ಕೆಲವರಿಗೆ ಎರಡರಿಂದ ಆರು ವಾರದೊಳಗೆ ಇನ್ನೊಮ್ಮೆ ಕೆರೆಯಬೇಕು ಅಂತ ಹೇಳ್ತಾರೆ. "ಮೊದಲ ಸಲ ಸರಿಯಾಗಿ ಮಾಡಲಿಲ್ಲವಾ?" ಅಂತ ಸಿಟ್ಟು ಮಾಡಬೇಡಿ. ಬೇರು ಉಳಿದಿದೆಯೋ, ಮಾಂಸದ ಪದರಕ್ಕೆ ಇಳಿದಿದೆಯೋ ಅಂತ ಖಚಿತ ಮಾಡಿಕೊಳ್ಳುವ ಕ್ರಮ ಅದು.

3. ಕೆಲವರಿಗೆ ಆಪರೇಷನ್ ಆದ ದಿನವೇ ಮೂತ್ರಕೋಶದ ಒಳಗೆ ಒಂದು ಸಲ ಕ್ಯಾನ್ಸರ್ ಔಷಧಿ ಹಾಕ್ತಾರೆ. ತೇಲಾಡುವ ಕಣಗಳು ಬೇರೆ ಕಡೆ ಅಂಟಿಕೊಳ್ಳದಿರಲಿ ಅಂತ.

ಬಿಸಿಜಿ: ಮಕ್ಕಳ ಲಸಿಕೆಯೇ ದೊಡ್ಡವರ ಮದ್ದು

ನಿಮ್ಮ ಮಕ್ಕಳು ಹುಟ್ಟಿದಾಗ ಎಡ ತೋಳಿಗೆ ಒಂದು ಇಂಜೆಕ್ಷನ್ ಹಾಕಿಸಿದ್ದೀರಿ. ಗುರುತು ಇನ್ನೂ ಇರ್ತದೆ. ಅದೇ ಬಿಸಿಜಿ, ಕ್ಷಯರೋಗದ ಲಸಿಕೆ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಅನ್ನುವ ಇಬ್ಬರು ಅದನ್ನು ಕಂಡುಹಿಡಿದರು. 1921ರಲ್ಲಿ ಮೊದಲ ಸಲ ಮಗುವಿಗೆ ಕೊಟ್ಟರು. ಅದೇ ಬಿಸಿಜಿಯನ್ನು ಮೂತ್ರಕೋಶದ ಒಳಗೆ ಹಾಕಿದರೆ ಕ್ಯಾನ್ಸರ್ ಮತ್ತೆ ಬರುವುದು ಕಡಿಮೆಯಾಗ್ತದೆ ಅಂತ 1976ರಲ್ಲಿ ಕೆನಡಾದ ಡಾ. ಅಲ್ವಾರೊ ಮೊರಾಲೆಸ್ ಅವರ ತಂಡ ತೋರಿಸಿತು. ಇಷ್ಟು ವರ್ಷ ಕಳೆದರೂ ಅಪಾಯ ಹೆಚ್ಚಿರುವ ಒಳಪದರದ ಕ್ಯಾನ್ಸರಿಗೆ ಇವತ್ತಿಗೂ ಮುಖ್ಯ ಮದ್ದು ಅದೇ. ನಮ್ಮ ದೇಶದಲ್ಲೇ, ಪುಣೆಯಲ್ಲಿ ತಯಾರಾಗ್ತದೆ.

ಅದು ಹೇಗೆ ಕೆಲಸ ಮಾಡ್ತದೆ? ಬಿಸಿಜಿಯಲ್ಲಿ ಇರುವುದು ಶಕ್ತಿ ಕುಂದಿಸಿದ ಜೀವಂತ ಕ್ರಿಮಿ. ಅದು ಮೂತ್ರಕೋಶದ ಗೋಡೆಗೆ ಅಂಟಿದಾಗ ನಮ್ಮ ದೇಹದ ಕಾವಲು ಪಡೆ ಎಚ್ಚರಗೊಂಡು ಅಲ್ಲಿಗೆ ಧಾವಿಸ್ತದೆ. ಆ ಗಲಾಟೆಯಲ್ಲಿ ಅಡಗಿ ಕುಳಿತ ಕ್ಯಾನ್ಸರ್ ಕಣಗಳೂ ಸಿಕ್ಕಿಬೀಳ್ತವೆ.

ಇದು ಎಲ್ಲರಿಗೂ ಬೇಕಾಗಿಲ್ಲ. ಅಪಾಯ ಕಡಿಮೆ ಇದ್ದವರಿಗೆ ಬರೀ ತಪಾಸಣೆ ಸಾಕು. ಬೇಕಾದವರಿಗೆ ಆಪರೇಷನ್ ಆಗಿ ಎರಡರಿಂದ ನಾಲ್ಕು ವಾರ ಕಳೆದು, ಒಳಗಿನ ಗಾಯ ಮಾಗಿದ ಮೇಲೆ ಶುರು ಮಾಡ್ತಾರೆ. ಮೊದಲು ವಾರಕ್ಕೊಂದರಂತೆ ಆರು ವಾರ. ಆಮೇಲೆ 3ನೇ ತಿಂಗಳು, 6ನೇ ತಿಂಗಳು, ಒಂದು ವರ್ಷ, ಹೀಗೆ ಪ್ರತಿ ಸಲ ಮೂರು ವಾರ. ಅಪಾಯ ಹೆಚ್ಚಿದ್ದವರಿಗೆ ಇದು ಮೂರು ವರ್ಷದವರೆಗೆ ನಡೀತದೆ. ಮೊದಲ ಆರು ವಾರ ಬಂದು ಆಮೇಲೆ ಬಾರದೆ ಇರುವವರೇ ಹೆಚ್ಚು. ಸಾಲ ತಗೊಂಡು ಆರು ಕಂತು ಕಟ್ಟಿ ನಿಲ್ಲಿಸಿದ ಹಾಗೆ ಅದು. ನಡುವೆ ಬರುವ ಆ ಮೂರು ಮೂರು ವಾರದ ಕಂತುಗಳೇ ಕಾವಲು ಪಡೆಯನ್ನು ಎಚ್ಚರವಾಗಿ ಇಡುವುದು.

ಹಾಕುವ ದಿನ ಏನು ಮಾಡಬೇಕು?

- ಹೋಗುವ ಮೊದಲು ಸುಮಾರು ನಾಲ್ಕು ಗಂಟೆ ನೀರು, ಕಾಫಿ ಕಡಿಮೆ ಮಾಡಿ.
- ಸಣ್ಣ ನಳಿಕೆಯ ಮೂಲಕ ಔಷಧಿ ಹಾಕ್ತಾರೆ. ಎರಡು ಗಂಟೆ ಮೂತ್ರ ಕಟ್ಟಿಕೊಂಡಿರಬೇಕು.
- ಆಮೇಲೆ ಚೆನ್ನಾಗಿ ನೀರು ಕುಡಿಯಿರಿ.
- ಮುಂದಿನ ಆರು ಗಂಟೆ ಕಕ್ಕಸಿನಲ್ಲೇ ಕುಳಿತು ಮೂತ್ರ ಮಾಡಿ. ಬಯಲಿಗೆ ಹೋಗಬೇಡಿ. ಗಂಡಸರೂ ಕುಳಿತೇ ಮಾಡಬೇಕು. ಪ್ರತಿ ಸಲ ಬ್ಲೀಚ್ ದ್ರಾವಣ ಹಾಕಿ 15-20 ನಿಮಿಷ ಬಿಟ್ಟು ನೀರು ಹೊಯ್ಯಿರಿ. ಕೈಯನ್ನು ಸೋಪು ಹಾಕಿ ತೊಳೆಯಿರಿ.
- ಎರಡು ದಿನ ಗಂಡ-ಹೆಂಡತಿ ಸೇರುವುದು ಬೇಡ. ಚಿಕಿತ್ಸೆ ನಡೆಯುವಷ್ಟು ಕಾಲ ನಿರೋಧ್ ಬಳಸಿ.

ಒಂದೆರಡು ದಿನ ಉರಿ, ಪದೇ ಪದೇ ಮೂತ್ರಕ್ಕೆ ಹೋಗುವುದು, ಸ್ವಲ್ಪ ಮೈ ಬಿಸಿ ಇದ್ದರೆ ಹೆದರಬೇಡಿ. ಮದ್ದು ಕೆಲಸ ಮಾಡುವಾಗ ಹಾಗಾಗ್ತದೆ. ಆದರೆ ಚಳಿ ಜ್ವರ 101 ಡಿಗ್ರಿ ದಾಟಿದರೆ, ಅಥವಾ ಜ್ವರ ಎರಡು ದಿನಕ್ಕಿಂತ ಹೆಚ್ಚು ನಿಂತರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. "ಬಿಸಿಜಿ ಹಾಕಿಸಿಕೊಂಡಿದ್ದೇನೆ" ಅಂತ ಅಲ್ಲಿ ಮೊದಲು ಹೇಳಬೇಕು. ಹಾಗೆಯೇ, ಹಾಕುವ ದಿನ ಮೂತ್ರದಲ್ಲಿ ರಕ್ತ ಇದ್ದರೆ, ಮೂತ್ರದ ಸೋಂಕು ಇದ್ದರೆ ಮುಚ್ಚಿಡಬೇಡಿ. ಆ ದಿನ ಹಾಕಬಾರದು, ಮುಂದೂಡ್ತಾರೆ.

ಇನ್ನೊಂದು ಮಾತು. ಬಿಸಿಜಿ ಹೆಸರು ಕೇಳಿ "ಅವಳಿಗೆ ಟಿ.ಬಿ. ಅಂತೆ" ಅಂತ ಊರಲ್ಲಿ ಸುದ್ದಿ ಹಬ್ಬಿಸಬೇಡಿ. ಅದು ಟಿ.ಬಿ. ಅಲ್ಲ. ಅವರ ಜೊತೆ ಕುಳಿತು ಉಣ್ಣಬಹುದು, ಮೊಮ್ಮಕ್ಕಳನ್ನು ಅವರ ಮಡಿಲಿಗೆ ಕೊಡಬಹುದು.

ದುರ್ಬೀನು ಪರೀಕ್ಷೆ: ನಮ್ಮ ಪಾಸ್ ಬುಕ್

ಆಪರೇಷನ್ ಆಗಿ ಮೂರು ತಿಂಗಳಿಗೆ ಮೊದಲ ದುರ್ಬೀನು ಪರೀಕ್ಷೆ. ಇದು ಎಲ್ಲರಿಗೂ ಬೇಕು. ಆಮೇಲೆ ಅಪಾಯ ಹೆಚ್ಚಿದ್ದವರಿಗೆ ಎರಡು ವರ್ಷದ ತನಕ ಮೂರು ತಿಂಗಳಿಗೊಮ್ಮೆ, ಐದು ವರ್ಷದ ತನಕ ಆರು ತಿಂಗಳಿಗೊಮ್ಮೆ, ನಂತರ ವರ್ಷಕ್ಕೊಮ್ಮೆ. ಅಪಾಯ ಕಡಿಮೆ ಇದ್ದವರಿಗೆ ಮೂರನೇ ತಿಂಗಳಾದ ಮೇಲೆ ವರ್ಷಕ್ಕೆ, ಆಮೇಲೆ ವರ್ಷಕ್ಕೊಂದು ಸಲ.

ಇಲ್ಲೇ ನಮ್ಮ ಹೆಂಗಸರು ಸೋಲುವುದು. ನೋವಿಲ್ಲ, ರಕ್ತವಿಲ್ಲ, ಮೈ ಚೆನ್ನಾಗಿದೆ. ನಾಟಿ ಕೆಲಸ ಬಂತು, ಮಗಳ ಬಾಣಂತನ ಬಂತು. "ಮುಂದಿನ ತಿಂಗಳು ಹೋದರಾಯ್ತು" ಅಂತ ಬಿಡ್ತೇವೆ. ಹೀಗೆ ಇಟ್ಟುಕೊಳ್ಳೋಣ: ಇಬ್ಬರಿಗೆ ಒಂದೇ ಕಾಯಿಲೆ, ಒಂದೇ ದಿನ ಆಪರೇಷನ್. ಒಬ್ಬಳು ತಾರೀಕಿಗೆ ಸರಿಯಾಗಿ ಹೋದಳು. ಕಡಲೆ ಕಾಳಿನಷ್ಟು ಗಡ್ಡೆ ಸಿಕ್ಕಿತು, ಅದನ್ನು ಕೆರೆದು ತೆಗೆದರು, ಮನೆಗೆ ಬಂದಳು. ಇನ್ನೊಬ್ಬಳು ಎರಡು ವರ್ಷ ಬಿಟ್ಟು ರಕ್ತ ಹೋಗಲು ಶುರುವಾದ ಮೇಲೆ ಹೋದಳು. ಅಷ್ಟು ಹೊತ್ತಿಗೆ ಅದು ಮಾಂಸದ ಪದರಕ್ಕೆ ಇಳಿದಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕಾಗ್ತದೆ. ಇಬ್ಬರ ನಡುವೆ ಇದ್ದ ವ್ಯತ್ಯಾಸ ಕೆಲವು ಬಸ್ ಪ್ರಯಾಣ ಮಾತ್ರ.

ನಡುವೆ ಯಾವಾಗ ಬೇಕಾದರೂ ಮೂತ್ರ ಕೆಂಪಾದರೆ, ನೋವು ಇಲ್ಲದಿದ್ದರೂ, ಒಂದೇ ಸಲ ಕಂಡು ನಿಂತುಹೋದರೂ, ತಾರೀಕಿಗೆ ಕಾಯದೆ ಹೋಗಿ. ಮೆಡಿಕಲ್ ಶಾಪಿನಲ್ಲಿ ಉರಿಮೂತ್ರದ ಮಾತ್ರೆ ತಗೊಂಡು ಕೂರಬೇಡಿ.

ಮೂತ್ರಕೋಶ ತೆಗೆದವರ ಆರೈಕೆ

ಕ್ಯಾನ್ಸರ್ ಮಾಂಸದ ಪದರಕ್ಕೆ ಇಳಿದಾಗ ಹೆಚ್ಚಿನವರಿಗೆ ಪೂರ್ತಿ ಮೂತ್ರಕೋಶ ತೆಗೀತಾರೆ. ಹೆಂಗಸರಲ್ಲಿ ಕೆಲವೊಮ್ಮೆ ಗರ್ಭಕೋಶ, ಅಂಡಾಶಯಗಳನ್ನೂ ತೆಗೆಯಬೇಕಾಗ್ತದೆ. ಉಳಿಸಲು ಸಾಧ್ಯವಾ ಅಂತ ಆಪರೇಷನ್ ಮೊದಲೇ ಕೇಳುವ ಹಕ್ಕು ನಿಮಗಿದೆ.

ಮೂತ್ರ ಹೊರಗೆ ಬರಲು ದಾರಿ ಬೇಕಲ್ಲ? ಸಣ್ಣ ಕರುಳಿನ ಸುಮಾರು ಒಂದು ಗೇಣು ತುಂಡನ್ನು ತೆಗೆದು ಅದಕ್ಕೆ ಕಿಡ್ನಿಯ ಕೊಳವೆಗಳನ್ನು ಜೋಡಿಸಿ, ಹೊಟ್ಟೆಯ ಬಲಗಡೆ ಒಂದು ಸಣ್ಣ ಬಾಯಿ ಮಾಡ್ತಾರೆ. ಅಮೆರಿಕದ ಡಾ. ಬ್ರಿಕರ್ 1950ರಲ್ಲಿ ವಿವರಿಸಿದ ಈ ವಿಧಾನ ಈಗಲೂ ಹೆಚ್ಚು ಬಳಕೆಯಲ್ಲಿದೆ. ಆ ಬಾಯಿಗೆ ಹೊರಗಿನಿಂದ ಒಂದು ಚೀಲ ಅಂಟಿಸಿಕೊಳ್ಳಬೇಕು. ಕೆಲವರಿಗೆ ಕರುಳಿನಿಂದಲೇ ಒಳಗೆ ಹೊಸ ಮೂತ್ರಕೋಶ ಹೊಲಿದು ಕೂರಿಸ್ತಾರೆ. ಅಂಥವರು ಮೊದಮೊದಲು ರಾತ್ರಿಯೂ ಅಲಾರಂ ಇಟ್ಟು ಎದ್ದು ಮೂತ್ರ ಮಾಡಬೇಕು. ಕೆಲವು ಹೆಂಗಸರು ದಿನಾ ಸಣ್ಣ ನಳಿಕೆ ಹಾಕಿ ಖಾಲಿ ಮಾಡುವುದನ್ನು ಕಲಿಯಬೇಕಾಗ್ತದೆ.

ಚೀಲ ಇರುವವರಿಗೆ ಕೆಲವು ಸೂಚನೆಗಳು:

- ಆಪರೇಷನ್ ಮೊದಲು ಬಾಯಿ ಮಾಡುವ ಜಾಗ ಗುರುತು ಹಾಕುವಾಗ ಸೀರೆ ಉಟ್ಟು, ಕುಳಿತು, ಬಗ್ಗಿ ತೋರಿಸಿ. ಲಂಗದ ಲಾಡಿ ಅದರ ಮೇಲೆ ಬರಬಾರದು.
- ಬಾಯಿಯ ಬಣ್ಣ ಗುಲಾಬಿ ಅಥವಾ ಕೆಂಪು, ಒದ್ದೆಯಾಗಿರಬೇಕು. ಕಪ್ಪಾದರೆ ಕೂಡಲೇ ಆಸ್ಪತ್ರೆಗೆ.
- ಚೀಲ ಮೂರನೇ ಒಂದು ಭಾಗದಿಂದ ಅರ್ಧ ತುಂಬುವಾಗ ಖಾಲಿ ಮಾಡಿ. ಪೂರ್ತಿ ತುಂಬಿದರೆ ಭಾರಕ್ಕೆ ಕಿತ್ತುಬರ್ತದೆ.
- ಚೀಲ ಬದಲಿಸುವುದನ್ನು ಬೆಳಿಗ್ಗೆ ಎದ್ದ ಕೂಡಲೇ, ಏನೂ ಕುಡಿಯುವ ಮೊದಲು ಮಾಡಿದರೆ ಸುಲಭ. ಸುತ್ತಲಿನ ಚರ್ಮವನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಎಣ್ಣೆ, ಪೌಡರ್ ಹಚ್ಚಿದರೆ ಅಂಟುವುದಿಲ್ಲ.
- ಮೂತ್ರದಲ್ಲಿ ಬಿಳಿ ಲೋಳೆ ಕಂಡರೆ ಗಾಬರಿ ಬೇಡ. ಕರುಳಿನ ತುಂಡಿನಿಂದ ಅದು ಬರುವುದು ಸಹಜ. ಮೂತ್ರ ನಿಂತುಹೋದರೆ, ಸೊಂಟ ನೋವು, ಚಳಿ ಜ್ವರ ಬಂದರೆ ತಡಮಾಡಬೇಡಿ.
- ಆರರಿಂದ ಎಂಟು ವಾರ ಕೊಡ, ಹುಲ್ಲಿನ ಹೊರೆ ಎತ್ತಬೇಡಿ. ಬಾಯಿಯ ಪಕ್ಕ ಕರುಳು ಉಬ್ಬಬಹುದು.
- ವರ್ಷಕ್ಕೊಮ್ಮೆ ರಕ್ತದಲ್ಲಿ ಕಿಡ್ನಿ ಪರೀಕ್ಷೆ ಮತ್ತು ಬಿ12 ಪರೀಕ್ಷೆ ಮಾಡಿಸಿ.

ಚೀಲ ಇದ್ದವಳು ಅಡುಗೆ ಮಾಡಬಹುದು, ಗದ್ದೆಗೆ ಹೋಗಬಹುದು, ಮದುವೆ ಮನೆಗೆ ಬರಬಹುದು. ಸೀರೆಯ ಒಳಗೆ ಅದು ಯಾರಿಗೂ ಕಾಣುವುದಿಲ್ಲ. ಆದರೂ "ವಾಸನೆ ಬಂದರೆ?" ಅನ್ನುವ ಹೆದರಿಕೆಯಿಂದ ಎಷ್ಟೋ ಹೆಂಗಸರು ಮನೆ ಮೂಲೆ ಸೇರ್ತಾರೆ. ಸಂಘದ ಸಭೆಗೂ ಬರುವುದಿಲ್ಲ. ನಿಮ್ಮ ಸಂಘದಲ್ಲಿ ಯಾರಾದರೂ ಹಾಗೆ ದೂರ ಸರಿದಿದ್ದರೆ, ಹೋಗಿ ಕರೆದುಕೊಂಡು ಬನ್ನಿ. ಬಾಗಿಲ ಹತ್ತಿರದ, ಕಕ್ಕಸಿಗೆ ಸಮೀಪದ ಜಾಗ ಅವಳಿಗೆ ಬಿಟ್ಟುಕೊಡಿ. ಬೇರೆ ಏನೂ ಕೇಳಬೇಕಾಗಿಲ್ಲ.

ಆಪರೇಷನ್ ನಂತರದ ಔಷಧಿಗಳು

ಮೂತ್ರಕೋಶ ತೆಗೆಯುವ ಮೊದಲೇ ಹಲವರಿಗೆ ಕೀಮೋಥೆರಪಿ ಕೊಡ್ತಾರೆ. ಆಪರೇಷನ್ ಆದ ಮೇಲಿನ ವರದಿಯಲ್ಲಿ ಕ್ಯಾನ್ಸರ್ ಗೋಡೆ ದಾಟಿದೆ ಅಥವಾ ದುಗ್ಧಗ್ರಂಥಿಗೆ ಹೋಗಿದೆ ಅಂತ ಬಂದರೆ ಮುಂದೆಯೂ ಔಷಧಿ ಬೇಕಾಗಬಹುದು. ಮೊದಲು ಕೀಮೋ ಆಗದವರಿಗೆ ಈಗ ಕೀಮೋ ಕೊಡ್ತಾರೆ. ಇಮ್ಯುನೋಥೆರಪಿ ಅನ್ನುವ ಹೊಸ ಬಗೆಯ ಇಂಜೆಕ್ಷನ್ ಕೂಡ ಇದೆ. ನಿವೊಲುಮ್ಯಾಬ್ ಅನ್ನುವುದನ್ನು ಒಂದು ವರ್ಷ ಕೊಟ್ಟಾಗ ಕಾಯಿಲೆ ಮರಳದೆ ಇರುವ ಸಮಯ ಸುಮಾರು ಎರಡು ಪಟ್ಟು ಆಯಿತು ಅಂತ 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತಿಳಿಸಿತು. ಇದು ದುಬಾರಿ ಔಷಧಿ. ಆದ್ದರಿಂದ ಮನೆ, ಗದ್ದೆ ಅಡವಿಡುವ ಮೊದಲು ಡಾಕ್ಟರನ್ನು ಮೂರು ಪ್ರಶ್ನೆ ಕೇಳಿ: ನಮ್ಮ ವರದಿಗೆ ಇದು ನಿಜವಾಗಿ ಬೇಕಾ? ಇದರಿಂದ ಎಷ್ಟು ಪ್ರಯೋಜನ? ಕಡಿಮೆ ಖರ್ಚಿನ ಬೇರೆ ದಾರಿ ಇದೆಯಾ? ಕೇಳುವುದರಲ್ಲಿ ನಾಚಿಕೆ ಇಲ್ಲ.

ಕಿಡ್ನಿಯ ಒಳಬಾಯಿಯಲ್ಲಿ ಅಥವಾ ಮೂತ್ರನಾಳದಲ್ಲಿ ಕ್ಯಾನ್ಸರ್ ಬಂದರೆ ಸಾಮಾನ್ಯವಾಗಿ ಆ ಕಡೆಯ ಕಿಡ್ನಿ ಮತ್ತು ನಾಳ ಎರಡನ್ನೂ ತೆಗೀತಾರೆ. ಕಾಯಿಲೆ ಮುಂದುವರಿದಿದ್ದರೆ ಅಂಥವರಿಗೆ ಆಪರೇಷನ್ ಆದ ಮೂರು ತಿಂಗಳೊಳಗೆ ನಾಲ್ಕು ಸುತ್ತು ಕೀಮೋ ಶುರು ಮಾಡಿದರೆ ಏನಾಗ್ತದೆ ಅಂತ ಬ್ರಿಟನ್ನಿನಲ್ಲಿ ಪರೀಕ್ಷಿಸಿದರು. 2020ರಲ್ಲಿ ಬಂದ ಫಲಿತಾಂಶ ಹೀಗಿದೆ: ಕೀಮೋ ಪಡೆದವರಲ್ಲಿ ಮೂರು ವರ್ಷದ ನಂತರ ನೂರಕ್ಕೆ 71 ಮಂದಿ ಕಾಯಿಲೆ ಇಲ್ಲದೆ ಇದ್ದರು. ಪಡೆಯದವರಲ್ಲಿ 46 ಮಂದಿ. ಅದಕ್ಕೇ ಹೇಳುವುದು, ಆಪರೇಷನ್ ಆದ ಮೊದಲ ಮೂರು ತಿಂಗಳನ್ನು ಸುಮ್ಮನೆ ಕಳೆಯಬೇಡಿ. ಕಿಡ್ನಿ ತೆಗೆದವರಿಗೆ ಆಮೇಲೆ ಮೂತ್ರಕೋಶದಲ್ಲಿ ಗಡ್ಡೆ ಕಾಣಿಸಿಕೊಳ್ಳಬಹುದು. ಹಾಗಾಗಿ ಅವರಿಗೂ ದುರ್ಬೀನು ಪರೀಕ್ಷೆ ಬೇಕು.

ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಇಮ್ಯುನೋಥೆರಪಿ ಪಡೆಯುವವರಿಗೆ ನಿಲ್ಲದ ಭೇದಿ, ಉಬ್ಬಸ, ಮೈಮೇಲೆ ದದ್ದು ಬಂದರೆ ಆ ಔಷಧಿ ಕೊಟ್ಟ ಡಾಕ್ಟರಿಗೇ ತಿಳಿಸಬೇಕು. ಒಂದೇ ಕಿಡ್ನಿ ಇರುವವರು ಮೈಕೈ ನೋವಿಗೆ ಅಂಗಡಿಯ ನೋವಿನ ಮಾತ್ರೆ, ಗೊತ್ತಿಲ್ಲದ ನಾಟಿ ಮದ್ದು ತಿನ್ನಬೇಡಿ. ಉಳಿದ ಒಂದು ಕಿಡ್ನಿಯನ್ನೂ ಅದು ಕೆಡಿಸಬಹುದು.

ಬೀಡಿ, ಸಿಗರೇಟು, ತಂಬಾಕು

ಮೂತ್ರಕೋಶದ ಕ್ಯಾನ್ಸರಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ತಂಬಾಕಿನ ಹೊಗೆ. ಹೊಗೆಯಲ್ಲಿರುವ ವಿಷ ರಕ್ತಕ್ಕೆ ಸೇರಿ, ಕಿಡ್ನಿಯಲ್ಲಿ ಸೋಸಿ, ಮೂತ್ರದಲ್ಲಿ ಗಂಟೆಗಟ್ಟಲೆ ನಿಲ್ತದೆ. "ಕಾಯಿಲೆ ಬಂದಾಯ್ತು, ಇನ್ನು ಬಿಟ್ಟು ಏನು ಪ್ರಯೋಜನ?" ಅಂತ ಗಂಡಸರು ಹೇಳ್ತಾರೆ. ಪ್ರಯೋಜನ ಇದೆ. ಸೇದುತ್ತಲೇ ಇದ್ದರೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ಬಿಡುವುದೂ ಆಪರೇಷನ್ ನಂತರದ ಚಿಕಿತ್ಸೆಯ ಒಂದು ಭಾಗ, ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಖರ್ಚು ಮತ್ತು ಓಡಾಟ

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ನೂರಕ್ಕೆ 30 ಭಾಗ ಸಿಗ್ತದೆ. ರೇಷನ್ ಕಾರ್ಡು, ಆಧಾರ್ ತಗೊಂಡು ಹೋಗಿ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಿ: ಆಪರೇಷನ್ ಮಾತ್ರ ಸೇರಿದೆಯಾ, ಆಮೇಲಿನ ಬಿಸಿಜಿ, ಕೀಮೋ, ದುರ್ಬೀನು ಪರೀಕ್ಷೆಯೂ ಸೇರಿದೆಯಾ? ರೆಫರಲ್ ಪತ್ರ ಬೇಕಾ? ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆ ಇದೆ, ಕಲಬುರಗಿಯಲ್ಲೂ ಅದರ ಘಟಕ ಇದೆ.

ಓಡಾಟಕ್ಕೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ ಹಣ ಇಲ್ಲ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ಚಿಕಿತ್ಸೆಯ ಪ್ರಯಾಣಕ್ಕೆ ರಿಯಾಯಿತಿ ಇದೆ. ಆಸ್ಪತ್ರೆಯಲ್ಲಿ ಫಾರಂ ತುಂಬಿಸಿಕೊಳ್ಳಬೇಕು.

ಸಂಘ ಏನು ಮಾಡಬಹುದು?

ದೊಡ್ಡ ಕೆಲಸ ಏನೂ ಬೇಡ. ಸದಸ್ಯೆಯ ಮನೆಯಲ್ಲಿ ಈ ಕಾಯಿಲೆ ಇದ್ದರೆ ಅವರ ಮುಂದಿನ ತಾರೀಕನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ, ಅವರು ಒಪ್ಪಿದರೆ ಮಾತ್ರ. ಕಂತಿನ ಹಣ ಎಣಿಸುವಾಗ "ನಿನ್ನ ತಾರೀಕು ಯಾವಾಗ?" ಅಂತ ಒಂದು ಮಾತು ಕೇಳಿ. ಅವಳಿಗೆ ಒಂದು ದಿನದ ಕೂಲಿ ತಪ್ಪಿದರೆ, ದನ ಕರು ನೋಡುವವರಿಲ್ಲದಿದ್ದರೆ ಆ ಒಂದು ದಿನ ಯಾರಾದರೂ ಹೆಗಲು ಕೊಡಿ. ಚೀಲ ಕೊಳ್ಳಲು ಸಂಘದಿಂದ ಸಣ್ಣ ಸಾಲ ಕೊಡುವುದನ್ನು ಚರ್ಚಿಸಿ.

ಗಂಡನ ಚಿಕಿತ್ಸೆಗೆ ಬಂಗಾರ ಅಡವಿಡುವ ನಾವು, ನಮ್ಮ ಸ್ವಂತ ತಪಾಸಣೆಗೆ ನೂರು ರೂಪಾಯಿ ತೆಗೆಯಲು ಹಿಂದೆ ಮುಂದೆ ನೋಡ್ತೇವೆ. ಈ ಲೆಕ್ಕ ಸರಿಯಲ್ಲ. ಮನೆಯ ಹಣ, ಮನೆಯ ಆಯುಸ್ಸು ಎರಡರಲ್ಲೂ ನಮ್ಮ ಪಾಲಿದೆ.

ಕೊನೆಯದಾಗಿ ಮೂರೇ ಮಾತು ಮನೆಗೆ ತಗೊಂಡು ಹೋಗಿ. ವರದಿ ತಗೊಳ್ಳಿ. ತಾರೀಕು ತಪ್ಪಿಸಬೇಡಿ. ಮೂತ್ರ ಕೆಂಪಾದರೆ ಕಾಯಬೇಡಿ.